ಕೆಂಪು ಹಿಂದಕ್ಕೆ, ಬಿಳಿ ಮುಂದಕ್ಕೆ

ಒದ್ದೆ ತಗಡಿಗೆ ಅಂಟು ಹಿಡಿಯುವುದಿಲ್ಲ. ಇದು ಚಂದ್ರಕಲ ಕಲಿತ ಮೊದಲ ಪಾಠ. ಒಳ್ಳೆಯ ಕೆಲಸಕ್ಕೆಂದು ಬಂದ ಜನವೂ ಒದ್ದೆಯಲ್ಲಿ ಬಹಳ ಹೊತ್ತು ಅಂಟಿಕೊಂಡಿರುವುದಿಲ್ಲ ಎಂಬುದು ಎರಡನೆಯದು.

ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವಾಗ, ನಾಲೆಯ ಸೇತುವೆ ದಾಟಿದ ಕೂಡಲೇ ರಸ್ತೆ ಎಡಕ್ಕೆ ಹೊರಳುವ ಒಂದು ಜಾಗವಿದೆ. ಆ ತಿರುವಿನಲ್ಲಿ ಒಂದು ಹೊಂಗೆಮರ, ಮರದ ಕೆಳಗೆ ತಗಡಿನ ಸೂರು ಹೊದಿಸಿದ ಇಸ್ತ್ರಿ ಗಾಡಿ, ಗಾಡಿಯ ಹಿಂದೆ ಚಂದ್ರಕಲಳ ಮನೆ. ಕಬ್ಬು ಅರೆಯುವ ಕಾಲ ಬಂತೆಂದರೆ ಹೇಮಾವತಿ ಕಡೆಯ ಹಳ್ಳಿಗಳ ಕಬ್ಬೆಲ್ಲ ಟ್ರಾಕ್ಟರುಗಳ ಮೇಲೆ ಈ ದಾರಿಯಾಗಿ ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ. ಆ ಟ್ರೈಲರುಗಳಿಗೆ ಹಿಂದಿನ ದೀಪ ಇರುವುದಿಲ್ಲ; ಇದ್ದರೆ ಉರಿಯುವುದಿಲ್ಲ; ಉರಿದರೂ ಇಳಿಬಿದ್ದ ಕಬ್ಬಿನ ಗರಿ ಅದನ್ನು ಮುಚ್ಚಿರುತ್ತದೆ. ಮುಸ್ಸಂಜೆಯ ಮಳೆಯಲ್ಲಿ ಹಿಂದಿನಿಂದ ಬೈಕಿನಲ್ಲಿ ಬರುವವನಿಗೆ ಅದು ಗಾಡಿಯೆಂದು ತಿಳಿಯುವ ಹೊತ್ತಿಗೆ ಬ್ರೇಕು ಹಿಡಿದು ಪ್ರಯೋಜನವಿರುವುದಿಲ್ಲ.

ಹಾಗೆ ತಿಳಿಯದೆ ಹೋದವರಲ್ಲಿ ಗಿರೀಶ ಮೇಷ್ಟ್ರು ಒಬ್ಬರು. ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಾರೆ. ಮೂರು ವರ್ಷದ ಹಿಂದೆ ಇದೇ ತಿರುವಿನಲ್ಲಿ, ಪಂಚರಾಗಿ ನಿಂತಿದ್ದ ಒಂದು ಕಬ್ಬಿನ ಟ್ರೈಲರಿಗೆ ಬೈಕು ಗುದ್ದಿ ಕಾಲು ಮುರಿದುಕೊಂಡರು. ಸದ್ದು ಕೇಳಿ ಮೊದಲು ಓಡಿದವಳು ಚಂದ್ರಕಲ. ಇಸ್ತ್ರಿ ಮಾಡಿ ಮಡಿಸಿಟ್ಟಿದ್ದ ಯಾರದೋ ಹಾಸಿಗೆ ಹೊದಿಕೆಯನ್ನೇ ಅವರಿಗೆ ಹೊದಿಸಿ, ಆಂಬುಲೆನ್ಸು ಬರುವ ತನಕ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಊರೆಲ್ಲ ಅದನ್ನು ಹೊಗಳಿತು. ಅದಕ್ಕೂ ಮೊದಲು ಅವಳು ಮಾಡಿದ ಒಂದು ಕೆಲಸವನ್ನು ಯಾರೂ ಗಮನಿಸಿರಲಿಲ್ಲ. ಬಿದ್ದವರ ಹತ್ತಿರ ಹೋಗುವ ಮುಂಚೆ ಅವಳು ಮುಂದಕ್ಕೆ ಓಡಿ, ಟ್ರಾಕ್ಟರಿನ ಪಕ್ಕದಲ್ಲಿ ನಿಂತಿದ್ದ ಡ್ರೈವರಿನ ಮುಖ ನೋಡಿದ್ದಳು. ಅವನು ತನ್ನ ತಮ್ಮ ಲೋಕೇಶನಲ್ಲ ಎಂದು ಖಾತರಿಯಾದ ಮೇಲೆಯೇ ಬಿದ್ದವರ ಕಡೆ ತಿರುಗಿದ್ದು.

ಮೇಷ್ಟ್ರ ಕಾಲು ಕೂಡಿತು, ಆದರೆ ಸ್ವಲ್ಪ ಗಿಡ್ಡವಾಯಿತು. ಮರುವರ್ಷ ಅವರು ನಾಲ್ಕಾರು ಗೆಳೆಯರನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡು, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ಸುರುಳಿಗಳನ್ನು ಹೊತ್ತುಕೊಂಡು ಅದೇ ತಿರುವಿಗೆ ಬಂದರು. ದಾರಿಯಲ್ಲಿ ಬರುವ ಪ್ರತಿ ಟ್ರೈಲರನ್ನೂ ನಿಲ್ಲಿಸಿ ಬೆನ್ನಿಗೆ ಪಟ್ಟಿ ಅಂಟಿಸುವುದು ಅವರ ಯೋಜನೆ. ಮೊದಲ ಭಾನುವಾರ ಬಿಸಿಲು ಚೆನ್ನಾಗಿತ್ತು. ಎಲ್ಲರೂ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಫೋಟೋ ತೆಗೆಸಿಕೊಂಡರು, ಬೋಂಡ ತಿಂದರು, ಕೆಲಸವನ್ನೂ ಮಾಡಿದರು. ಎರಡನೆಯ ಭಾನುವಾರ ಮಳೆ ಹಿಡಿಯಿತು. ತಗಡಿನಿಂದ ಪಟ್ಟಿ ಜಾರಿ ಜಾರಿ ಬಿತ್ತು. ಮೂರನೆಯ ಭಾನುವಾರ ಮೇಷ್ಟ್ರೊಬ್ಬರೇ ಕೊಡೆ ಹಿಡಿದು ನಿಂತಿದ್ದರು.

"ಮಳೆ ನಿಂತ್ಮೇಲೆ ಮಾಡೋಣ ಅಂತಾರೆ ಚಂದ್ರಕಲಮ್ಮ," ಎಂದರು.

"ಗುದ್ದೋರು ಮಳೇಲೇ ತಾನೇ ಗುದ್ದೋದು ಸಾ?" ಎಂದಳು ಚಂದ್ರಕಲ. ಒಂದು ಒಣ ಬಟ್ಟೆಯಿಂದ ತಗಡನ್ನು ಒರೆಸಿದಳು. ಸಾಲಲಿಲ್ಲ. ಗಾಡಿಗೆ ಹೋಗಿ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ತಂದಳು. ಬಟ್ಟೆಯನ್ನು ತಗಡಿನ ಮೇಲೆ ಹರಡಿ, ಯಾರದೋ ಮದುವೆಯ ಪಂಚೆಯನ್ನು ತೀಡುವ ಹಾಗೆ ಮೇಲಿಂದ ಕೆಳಕ್ಕೆ ಎರಡು ಸಲ ಎಳೆದಳು. ಹಬೆ ಎದ್ದಿತು. ತಗಡು ಬೆಚ್ಚಗಾಯಿತು. ಮೇಷ್ಟ್ರು ಪಟ್ಟಿ ಒತ್ತಿದರು, ಹಿಡಿದುಕೊಂಡಿತು.

ಅಂದಿನಿಂದ ಮಳೆಯಿದ್ದ ಸಂಜೆಗಳಲ್ಲಿ ಇದೇ ಕ್ರಮ. ಗೊಬ್ಬರದ ಚೀಲದ ಕೊಪ್ಪೆ ತಲೆಗೆ ಹಾಕಿಕೊಂಡು ಚಂದ್ರಕಲ ರಸ್ತೆಗಿಳಿಯುತ್ತಾಳೆ. ಮೇಷ್ಟ್ರು ಬಿಡುವಾದಾಗ ಬರುತ್ತಾರೆ, ಪಟ್ಟಿಯ ಸುರುಳಿ ತಪ್ಪದೆ ತಂದುಕೊಡುತ್ತಾರೆ. ಅವಳ ಗಂಡ ಹೊನ್ನಪ್ಪ ಹಸು ಕರೆದು ಡೈರಿಗೆ ಹಾಲು ಹಾಕಿ ಬಂದವನು ಕೊಡೆ ಹಿಡಿಯುತ್ತಾನೆ. ಕೊಡೆ ಹೆಂಡತಿಯ ಮೇಲಲ್ಲ, ಇಸ್ತ್ರಿಪೆಟ್ಟಿಗೆಯ ಮೇಲೆ.

"ಎಡ್ತಿ ನೆನೀತಾವ್ಳೆ, ಪೆಟ್ಗೆಗೆ ಕೊಡೆ ಇಡೀತಾನೆ, ಎಂಥ ಗಂಡಸ್ಲಾ ಇವ್ನು!" ಎಂದು ಟ್ರಾಕ್ಟರಿನವರು ರೇಗಿಸಿದರೆ ಅವನು ನಿಧಾನವಾಗಿ, "ಅವ್ಳು ನೆಂದ್ರೆ ಒಣಗ್ತಾಳೆ ಕಣ್ರಲಾ. ಕೆಂಡ ನೆಂದ್ರೆ ಒಣಗ್ತದಾ?" ಎನ್ನುತ್ತಿದ್ದ.

ಈ ಇಸ್ತ್ರಿಪೆಟ್ಟಿಗೆಗೂ ಒಂದು ಕಥೆಯಿದೆ. ಚಂದ್ರಕಲ ಹುಟ್ಟಿದ್ದು ಅಕ್ಕಿಹೆಬ್ಬಾಳಿನ ಆಚೆ, ಹೇಮಾವತಿಯ ದಡದ ಒಂದು ಒಕ್ಕಲು ಮನೆಯಲ್ಲಿ. ಅವ್ವ ಗದ್ದೆ ನಾಟಿಗೆ ಹೋದರೆ ಲೋಕೇಶನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು ಇವಳೇ. ಅವನಿಗೆ ಅನ್ನ ಕಲಸಿ ತಿನ್ನಿಸಿ, ಹೊಳೆಯ ಹತ್ತಿರ ಹೋಗದ ಹಾಗೆ ಸೆರಗಿನ ತುದಿಯನ್ನು ಅವನ ಸೊಂಟಕ್ಕೆ ಕಟ್ಟಿಕೊಂಡು ಬಟ್ಟೆ ಒಗೆದಳು. ಮದುವೆಯಾಗಿ ಇಲ್ಲಿಗೆ ಬಂದಾಗ ಹೊನ್ನಪ್ಪನಿಗೆ ಇದ್ದ ಜಮೀನು ಎರಡು ಹಸುವಿನ ಮೇವಿಗೆ ಸರಿಹೋಗುತ್ತಿತ್ತು. ಕಾರ್ಖಾನೆಯ ನೌಕರರ ಬಟ್ಟೆ ಇಸ್ತ್ರಿ ಮಾಡಿಕೊಡುತ್ತೇನೆ ಎಂದು ಅವಳು ಹೊರಟಾಗ ಅತ್ತೆ ರಂಪ ಮಾಡಿದಳು. ಒಕ್ಕಲು ಮನೆಯ ಸೊಸೆ ಕಂಡವರ ಅಂಗಿ ತೀಡುವುದೆಂದರೇನು? ಆ ವರ್ಷದ ಗೌರಿ ಹಬ್ಬಕ್ಕೆ ಲೋಕೇಶ ಬಾಗಿನ ತಂದ. ಮೊರದ ಮೇಲೆ ಮೊರ ಮುಚ್ಚಿತ್ತು, ಹೊರಲಾರದಷ್ಟು ಭಾರವಾಗಿತ್ತು. ಅತ್ತೆಯೇ ಎದುರು ಕೂತು ಬಿಚ್ಚಿದಳು. ಬಳೆ, ಬಿಚ್ಚೋಲೆ, ಅಕ್ಕಿ, ಬೆಲ್ಲದ ನಡುವೆ ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ! ಬಾಗಿನದಲ್ಲಿ ಬಂದದ್ದನ್ನು ಬೇಡವೆನ್ನುವ ಹಾಗಿಲ್ಲ. ಆಗ ಲೋಕೇಶನಿಗೆ ಇನ್ನೂ ಮೀಸೆ ಚಿಗುರುತ್ತಿತ್ತು.

ಅಂಥ ತಮ್ಮ ಅಕ್ಕನ ಮನೆಗೆ ಬರುವುದನ್ನೇ ಬಿಟ್ಟ.

ಚಂದ್ರಕಲಳ ಮಗಳು ಅರ್ಪಿತಳ ಮದುವೆ. ಹುಡುಗನ ಕಡೆಯವರು ನಾಗಮಂಗಲದ ಆಚೆ ಬಿಂಡಿಗನವಿಲೆಯವರು, ಮುಹೂರ್ತ ಎಂದರೆ ಮುಹೂರ್ತ ಎನ್ನುವ ಜನ. ಹೆಣ್ಣನ್ನು ಕೈಹಿಡಿದು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ಹಿಂದಿನ ದಿನ ಕಬ್ಬು ಹೊತ್ತು ಕಾರ್ಖಾನೆಗೆ ಹೋದ ಲೋಕೇಶನ ಟ್ರಾಕ್ಟರು ಸರದಿಯ ಸಾಲಿನಲ್ಲಿ ಸಿಕ್ಕಿಕೊಂಡಿತು. ಮುಂದೆಯೂ ಗಾಡಿ, ಹಿಂದೆಯೂ ಗಾಡಿ. ಬೆಳಗಾದರೂ ಸಾಲು ಅಲುಗಲಿಲ್ಲ. ಇಲ್ಲಿ ಛತ್ರದಲ್ಲಿ ಪುರೋಹಿತರು ಗಡಿಯಾರ ತೋರಿಸಿದರು, ಬೀಗರು ಗೊಣಗಿದರು. ಚಂದ್ರಕಲ ಬಾಗಿಲಿನ ಕಡೆ ನೋಡಿ ನೋಡಿ ಕೊನೆಗೆ ಹೊನ್ನಪ್ಪನ ದಾಯಾದಿಯೊಬ್ಬನಿಗೆ, "ನೀನೇ ಕರ್ಕೊಂಡ್ ಬಾ," ಎಂದಳು. ಅವನು ಹುಡುಗಿಯ ಕೈಹಿಡಿದು ಹಸೆಮಣೆಯ ಬಳಿಗೆ ಬರುವುದಕ್ಕೂ, ಹೊಸ ಅಂಗಿಯ ಮೇಲೆ ಕಬ್ಬಿನ ದೂಳು ಮೆತ್ತಿಸಿಕೊಂಡು ಲೋಕೇಶ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು.

ಅವನು ಜಗಳವಾಡಲಿಲ್ಲ. ತಂದಿದ್ದ ಸೀರೆಯನ್ನು ಬಾಗಿಲ ಬಳಿಯ ಕುರ್ಚಿಯ ಮೇಲೆ ಇಟ್ಟ, ಹೋದ. ಊಟ ಮಾಡಲಿಲ್ಲ. ಜಗಳವಾಡಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತು.

ಮುಂದಿನ ಗೌರಿ ಹಬ್ಬಕ್ಕೆ ಬಾಗಿನ ಕಳಿಸಿದ. ತಾನು ಬರಲಿಲ್ಲ, ಬಸ್ಸಿನಲ್ಲಿ ಯಾರ ಕೈಲೋ ಕೊಟ್ಟು ಕಳಿಸಿದ. ಚಂದ್ರಕಲ ಮೊರವನ್ನು ಬಿಚ್ಚದೆ ಅದೇ ಬಸ್ಸಿಗೆ ಹಾಕಿಸಿದಳು. "ಬಾಗ್ನ ತರೋದು ತಮ್ಮ, ಬಸ್ಸಲ್ಲ," ಎಂದು ಹೇಳಿಕಳಿಸಿದಳು. ಅಲ್ಲಿಗೆ ಇಬ್ಬರ ಹಟವೂ ಸಮವಾಯಿತು. ಅಣ್ಣತಮ್ಮಂದಿರು ಬರಬೇಕು; ಹೆಣ್ಣುಮಕ್ಕಳು ಹೋಗಿ ಕೇಳುವಂತಿಲ್ಲ. ಈ ಕಟ್ಟಳೆ ಮಾಡಿದವರು ಸ್ವಾಭಿಮಾನಿಗಳ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಪಾಡನ್ನು ಯೋಚಿಸಿರಲಿಲ್ಲ. ಅರ್ಪಿತಳ ಮಗ ಈಗ ಸ್ಕೂಲಿಗೆ ಹೋಗುತ್ತಾನೆ. ಇಷ್ಟು ವರ್ಷವೂ ಲೋಕೇಶ ಕಬ್ಬು ಹೊಡೆಯುತ್ತಲೇ ಇದ್ದ. ಆದರೆ ಅಕ್ಕನ ಮನೆಯ ತಿರುವು ತಪ್ಪಿಸಲು ನಾಲೆಯ ಏರಿಯ ಮೇಲಿನ ಸುತ್ತು ದಾರಿ ಹಿಡಿಯುತ್ತಿದ್ದ. ಗುಂಡಿ ಬಿದ್ದ, ಕೆಸರಿನ, ದೀಪವಿಲ್ಲದ ದಾರಿ.

ಹೀಗಾಗಿ ಚಂದ್ರಕಲ ಊರವರ ಟ್ರೈಲರಿಗೆಲ್ಲ ಪಟ್ಟಿ ಅಂಟಿಸಿದಳು, ಯಾವುದಕ್ಕೆ ಅಂಟಿಸಬೇಕೆಂದು ಮಳೆಯಲ್ಲಿ ನಿಂತಿದ್ದಳೋ ಅದೊಂದು ಮಾತ್ರ ಅವಳ ಮುಂದೆ ಬರಲಿಲ್ಲ. ಇದು ಹೊನ್ನಪ್ಪನಿಗೆ ಗೊತ್ತಿತ್ತು. ಮಳೆ ಜೋರಾದ ಸಂಜೆ ಆಕಾಶ ನೋಡಿ, "ಮಘೆ ಮಳೆ ಬಂದಷ್ಟು ಲೇಸು, ಮನೆಮಗ ಉಂಡಷ್ಟು ಲೇಸು," ಎಂದು ಗಾದೆ ಹೇಳುತ್ತಿದ್ದ. ಗಾದೆಯ ಎರಡನೆಯ ಭಾಗಕ್ಕೆ ಬಂದಾಗ ದನಿ ತಗ್ಗುತ್ತಿತ್ತು.

ಪಟ್ಟಿಯ ವಿಷಯದಲ್ಲಿ ಮೇಷ್ಟ್ರದು ಒಂದೇ ಕಟ್ಟುನಿಟ್ಟು. "ಕೆಂಪು ಹಿಂದಕ್ಕೆ, ಬಿಳಿ ಮುಂದಕ್ಕೆ. ಕೆಂಪು ಕಂಡ್ರೆ ಗಾಡಿ ಹೋಗ್ತಿದೆ ಅಂತ, ಬಿಳಿ ಕಂಡ್ರೆ ಬರ್ತಿದೆ ಅಂತ. ಕತ್ಲಲ್ಲಿ ನೋಡೋನಿಗೆ ಅದಷ್ಟೇ ಗೊತ್ತಾಗೋದು." ಬಿಳಿಯ ಸುರುಳಿಯನ್ನೂ ಅವರು ತಂದುಕೊಟ್ಟಿದ್ದರು. ಆದರೆ ಬಿಳಿ ಯಾರಿಗೂ ಬೇಕಿರಲಿಲ್ಲ. ಕೆಂಪಿನ ಮೇಲೆಯೇ ಎಲ್ಲರ ಕಣ್ಣು, ಅದಕ್ಕೆ ಕಾರಣ ಬೋರಯ್ಯ.

ಬೋರಯ್ಯ ಕೆ.ಆರ್. ಪೇಟೆ ಕಡೆಯ ಹಳೆಯ ಡ್ರೈವರು. ಪಟ್ಟಿ ಅಂಟಿಸಿದ ಮೇಲೆ ಅವನ ಗಾಡಿ ಆ ವರ್ಷ ಒಂದು ಸಲವೂ ಪಂಚರಾಗಲಿಲ್ಲವಂತೆ. ಅಕ್ಕನ ಕೈಗುಣ ಎಂದು ಅವನು ಸಾಲಿನಲ್ಲಿ ನಿಂತವರಿಗೆಲ್ಲ ಹೇಳಿದ. ಅಷ್ಟು ಒಳ್ಳೆಯ ಪಟ್ಟಿ ಗಾಡಿಯ ಹಿಂಭಾಗದಲ್ಲಿ ಕೆಸರು ಸಿಡಿಸಿಕೊಂಡು ಇರುವುದು ಅವನಿಗೆ ಸರಿಬರಲಿಲ್ಲ. ಜೋಪಾನವಾಗಿ ಕಿತ್ತು, ಟ್ರಾಕ್ಟರಿನ ಮೂತಿಯ ಮೇಲೆ, ಭೈರವೇಶ್ವರನ ಪಟದ ಕೆಳಗೆ ಅಂಟಿಸಿ ಅರಿಸಿನ ಕುಂಕುಮ ಹಚ್ಚಿದ. ಒಬ್ಬರನ್ನು ನೋಡಿ ಒಬ್ಬರು. ಒಂದು ದಿನ ಚಂದ್ರಕಲ ನೋಡುತ್ತಾಳೆ, ಹತ್ತಾರು ಟ್ರಾಕ್ಟರುಗಳು ಮುಂದುಗಡೆ ಕೆಂಪು ನಾಮ ಹಾಕಿಕೊಂಡು ಬರುತ್ತಿವೆ!

"ಬೋರಣ್ಣ, ಇದೇನ್ ದೇವ್ರ ಪರ್ಸಾದ್ವಾ? ದೀಪ ಇದು! ಬೆನ್ನಿಗಿರೋ ದೀಪ!"

"ಒಳ್ಳೇದ್ನ ಯಾರಾರ ಇಂದುಕ್ಕೆ ಮಡಿಕ್ಕತಾರಾ ಚಂದ್ರಕ್ಕ?"

"ಇಂದೆ ಬರೋನ್ ಪ್ರಾಣ ಉಳೀಲಿ ಅಂತ ಕೊಟ್ಟಿರಾದು. ನಿನ್ ಟೈರ್ ಉಳೀಲಿ ಅಂತಲ್ಲ."

ಹೇಳಿ ಬೈದು ಕಿತ್ತು ಮತ್ತೆ ಹಿಂದಕ್ಕೆ ಅಂಟಿಸುವುದರಲ್ಲಿ ಆ ಹಂಗಾಮು ಕಳೆಯಿತು.

ಈ ವರ್ಷ ಕಾರ್ಖಾನೆ ಶುರುವಾದ ಹೊಸತರಲ್ಲಿ ಕಿಟ್ಟಿ ಬಂದ. ಲೋಕೇಶನ ಊರಿನ ಹುಡುಗ, ಹೊಸದಾಗಿ ಟ್ರಾಕ್ಟರು ಕೊಂಡವನು. ಅವನ ಟ್ರೈಲರಿನ ಕೆಲಸ ಮುಗಿಸಿದ ಚಂದ್ರಕಲ ಇನ್ನೊಂದು ಉದ್ದದ ಕೆಂಪು ಪಟ್ಟಿ ಕತ್ತರಿಸಿ ಸುತ್ತಿ ಅವನ ಕೈಗಿಟ್ಟಳು.

"ಇದ್ಯಾರ್ಗಕ್ಕ?"

"ನಿಮ್ಮೂರ್ ಕಡೆ ಯಾರ್ಗಾರ ಇಲ್ದೆ ಇದ್ರೆ ಕೊಡು."

ಕಿಟ್ಟಿ ಅವಳ ಮುಖ ನೋಡಿದ. ಊರಿನ ಹುಡುಗನಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾಲ್ಕು ದಿನದ ಮೇಲೆ ಮತ್ತೆ ಬಂದ. ಚಂದ್ರಕಲ ಇಸ್ತ್ರಿ ಮಾಡುತ್ತಿದ್ದ ಅಂಗಿಯಿಂದ ಕಣ್ಣೆತ್ತದೆ, "ಕೊಟ್ಟೇನ್ಲಾ?" ಎಂದಳು.

"ಕೊಟ್ಟೆ."

"ಏನಂದ?"

"ಏನೂ ಅನ್ನಿಲ್ಲ. ಯಾರ್ ಕೊಟ್ರು ಅಂದ. ಅಕ್ಕ ಅಂದೆ."

"ಊಂ?"

"ಯಾವಕ್ಕ ಅಂತ ಕೇಳ್ಲಿಲ್ಲ. ಈಸ್ಕೊಂಡು ಜೇಬಲ್ಲಿ ಮಡಿಕ್ಕಂಡ."

ಅಂಗಿಯ ಕಾಲರು ಸ್ವಲ್ಪ ಹೆಚ್ಚೇ ಕಾಯಿತು. ಕಂದು ಬಣ್ಣದ ಗುರುತು ಬಿತ್ತು. ಇಷ್ಟು ವರ್ಷದಲ್ಲಿ ಅವಳು ಸುಟ್ಟ ಮೊದಲ ಬಟ್ಟೆ ಅದು.

ಗೌರಿ ಹಬ್ಬ ಮಘೆ ಮಳೆಯ ನಡುವೆಯೇ ಬಂತು. ಬೆಳಗಿನಿಂದ ಬಿಡದ ಜಡಿ. ಚಂದ್ರಕಲ ಬೇಗನೆ ಪೂಜೆ ಮುಗಿಸಿ ಒಬ್ಬಟ್ಟು ಮಾಡಿದಳು. ಮೂರೇ ಜನ ತಿನ್ನುವ ಮನೆಗೆ ಹಿಟ್ಟು ಜಾಸ್ತಿ ಕಲಸಿದ್ದಳು. ಮೂರನೆಯವರು ಮೇಷ್ಟ್ರು, ಸಂಜೆ ಬರುತ್ತೇನೆಂದಿದ್ದವರು ಊರಿನಲ್ಲಿ ನೆಂಟರು ಬಂದರೆಂದು ಫೋನ್ ಮಾಡಿ ತಪ್ಪಿಸಿಕೊಂಡರು. ಬಿಂಡಿಗನವಿಲೆಯಿಂದ ಅರ್ಪಿತಳ ಫೋನು ಬಂತು.

"ಮಾವ ಬಂದ್ನಾವ್ವ?"

"ನಿಮ್ ಕುರಿ ಎಲ್ಲ ಚೆಂದಾಗವಾ?" ಎಂದಳು ಚಂದ್ರಕಲ.

ಮಗಳಿಗೆ ಉತ್ತರ ಸಿಕ್ಕಿತು.

ಸಂಜೆ ಅವಳು ಕೊಪ್ಪೆ ತೆಗೆದುಕೊಂಡಾಗ ಹೊನ್ನಪ್ಪ, "ಇವತ್ತೊಂದಿನ ಬುಟ್ಬುಡು. ಅಬ್ಬ ಅಲ್ವಾ," ಎಂದ.

"ಅಬ್ಬ ಅಂತ ಕಬ್ಬು ನಿಂತದಾ? ರಜ ಅಂತ ಬೈಕ್ನೋರೇ ಜಾಸ್ತಿ ಇರ್ತಾರೆ. ಅಕ್ಕತಂಗೇರ್ ಮನೇಗ್ ಓಗೋರು." ಕೊನೆಯ ಮಾತು ಆಡಿದ ಮೇಲೆ ಆಡಬಾರದಿತ್ತು ಅನ್ನಿಸಿರಬೇಕು, ಇದ್ದಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಊದಿದಳು.

ಆ ಹೊತ್ತಿಗೆ ಬಂದವನು ಬೋರಯ್ಯ. ಅವನ ಹಿಂದಿನ ಪಟ್ಟಿ ಹರಿದಿತ್ತು. ಕಾರ್ಖಾನೆಯ ಕಡೆ ಹೋಗುವ ಗಾಡಿಯಾದ್ದರಿಂದ ರಸ್ತೆಯ ಆಚೆ ಬದಿಯಲ್ಲಿ ನಿಲ್ಲಿಸಿದ. ಇಳಿಬಿದ್ದ ಗರಿಯನ್ನು ಮಚ್ಚಿನಿಂದ ಸವರಿಸಿ, ತಗಡನ್ನು ಒರೆಸಿ, ತೀಡಿ, ಪಟ್ಟಿ ಒತ್ತಿ, "ಮುಂದುಕ್ಕೆ ಕಿತ್ತಾಕ್ಕಂಡ್ರೆ ನೋಡು ಮತ್ತೆ," ಎಂದು ಗದರಿಸಿ ಕಳಿಸಿದಳು. ಕೆಂಡ ಆರಬಾರದೆಂದು ಹೊನ್ನಪ್ಪ ಪೆಟ್ಟಿಗೆಯನ್ನು ಹಿಡಿದುಕೊಂಡು ಮೊದಲೇ ರಸ್ತೆ ದಾಟಿ ಸೂರಿನ ಕೆಳಗೆ ಹೋದ. ಚಂದ್ರಕಲ ಬಿದ್ದಿದ್ದ ಬಟ್ಟೆ ಎತ್ತಿಕೊಂಡು, ಹಿಂಡಿ, ದಾಟಲು ನಿಂತಳು.

ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ, ಆದರೆ ಮಳೆ ಎಲ್ಲವನ್ನೂ ಬೂದಿಯ ಬಣ್ಣ ಮಾಡಿತ್ತು. ಪಾಂಡವಪುರದ ಕಡೆಯಿಂದ ಒಂದು ಲಾರಿ ಸೇತುವೆ ಹತ್ತಿ ಬಂತು. ಅದರ ದೀಪದ ಬೆಳಕು ಅವಳನ್ನು ದಾಟಿ ದೂರದ ತನಕ ರಸ್ತೆಯ ಮೇಲೆ ಹರಿಯಿತು. ಆ ಬೆಳಕಿನ ಕೊನೆಯಲ್ಲಿ ಕೆಂಪಗೆ ಒಂದು ಗೆರೆ ಹೊಳೆಯಿತು.

ಅವಳಿಗೆ ಸಮಾಧಾನವಾಯಿತು. ಯಾರದೋ ಖಾಲಿ ಟ್ರೈಲರು, ಊರಿಗೆ ಹಿಂದಿರುಗುತ್ತಿದೆ. ಸದ್ಯ, ಪಟ್ಟಿಯಿದೆ. ಲಾರಿ ಹೋಗಲಿ ಎಂದು ಕಾದಳು. ಅದು ಕೆಸರುನೀರು ಎರಚಿ ಮುಂದೆ ಹೋದ ಮೇಲೆ ರಸ್ತೆಗಿಳಿದಳು. ಆ ಕಡೆ ಮತ್ತೆ ನೋಡಲಿಲ್ಲ, ನೋಡಬೇಕಾದ ಕಾರಣವಿರಲಿಲ್ಲ. ಕೆಂಪು ಕಂಡಿತೆಂದರೆ ಬೆನ್ನು ಕಂಡಿತೆಂದು ಅರ್ಥ, ಬೆನ್ನು ತೋರಿಸಿ ಹೋಗುವವನಿಂದ ಯಾರಿಗೂ ಅಪಾಯವಿಲ್ಲ. ಕೊಪ್ಪೆಯ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ರಸ್ತೆಯ ನಡುವೆ ಬಂದಾಗ ಹೊನ್ನಪ್ಪ ಸೂರಿನ ಕೆಳಗಿನಿಂದ ಕೈ ಬೀಸಿ ಏನೋ ಕೂಗುತ್ತಿರುವುದು ಕಂಡಿತು. ಏನು ಎಂದು ಕೇಳಲು ನಿಂತಳು.

ಬ್ರೇಕು ಕಿರುಚಿತು. ಕಬ್ಬು ತುಂಬಿದ ಟ್ರಾಕ್ಟರೊಂದು ಜಾರಿಕೊಂಡು ಬಂದು ಅವಳಿಗೆ ಮಾರುದೂರದಲ್ಲಿ ನಿಂತಿತು. ಹೆಡ್‌ಲೈಟು ಹಾಕಿರಲಿಲ್ಲ. ಮೂತಿಯ ಮೇಲೆ ಚೆಲುವರಾಯಸ್ವಾಮಿಯ ಪಟ, ಅದರ ಕೆಳಗೆ ಅರಿಸಿನ ಕುಂಕುಮ ಹಚ್ಚಿದ ಕೆಂಪು ಪಟ್ಟಿ.

ಡ್ರೈವರು ಮೇಲಿಂದಲೇ ಕೂಗಿದ. "ಕಣ್ ಕಾಣಾಕಿಲ್ವಾ? ರೋಡ್ ಮದ್ಯದಲ್ಲಿ ನಿಂತವ್ಳಲ್ಲ ಎಂಗ್ಸು—"

ಕೊಪ್ಪೆಯೊಳಗಿನ ಮುಖ ಕಂಡು ಅವನ ಮಾತು ಅಲ್ಲಿಗೇ ನಿಂತಿತು.

ಇಷ್ಟು ವರ್ಷದ ಮೇಲೆ ತಮ್ಮ ಎದುರು ಬಂದರೆ ಏನು ಹೇಳಬೇಕೆಂದು ಚಂದ್ರಕಲ ಎಷ್ಟೋ ಸಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದಳು. ಅದರಲ್ಲಿ ಒಂದು ಮಾತೂ ಬಾಯಿಗೆ ಬರಲಿಲ್ಲ.

"ಕೆಂಪು ಇಂದುಕ್ಕಲ್ವೇನ್ಲಾ ಅಂಟ್ಸೋದು!" ಎಂದು ಅಬ್ಬರಿಸಿದಳು. "ಮುಂದುಕ್ಕೆ ಅಂಟುಸ್ಕೊಂಡಿದ್ದೀಯಲ್ಲ, ನಿಂಗೇನ್ ಬುದ್ಧಿ ಗಿದ್ಧಿ ಐತಾ? ನೀನು ಓಯ್ತಾ ಇದ್ದೀಯೋ ಬತ್ತಾ ಇದ್ದೀಯೋ, ನೋಡೋರ್ಗೆ ಎಂಗ್ಲಾ ಗೊತ್ತಾಗ್ಬೇಕು?"

ಲೋಕೇಶ ಸ್ಟೇರಿಂಗು ಹಿಡಿದ ಕೈ ಬಿಡಲಿಲ್ಲ. ಮಳೆ ಅವನ ಮುಖದ ಮೇಲೆ ಇಳಿಯುತ್ತಿತ್ತು. ಮೀಸೆಯಲ್ಲಿ ಅಲ್ಲಲ್ಲಿ ಬಿಳಿ ಇಣುಕಿತ್ತು.

"ಬತ್ತಾ ಇವ್ನಿ ಕಣಕ್ಕ," ಎಂದ.

ಹೊನ್ನಪ್ಪ ಓಡಿ ಬಂದ. ಹೆಂಡತಿ ಇದ್ದಾಳೋ ಹೋದಳೋ ಎಂದು ಗಾಬರಿಯಿಂದ ಓಡುವಾಗಲೂ ಒಂದು ಕೈಯಲ್ಲಿ ಪೆಟ್ಟಿಗೆ, ಅದರ ಮೇಲೆ ಸರಿಯಾಗಿ ಕೊಡೆ. ಹಿಂದಿನಿಂದ ಬಂದ ಬಸ್ಸು ಹಾರ್ನು ಹೊಡೆದು ಗಾಡಿಯನ್ನು ಬದಿಗೆ ತೆಗೆಸಿತು.

ಗಾಡಿ ಹೊಂಗೆಮರದ ಕೆಳಗೆ ನಿಂತಿತು. ಚಂದ್ರಕಲ ಮನೆಗೆ ಕರೆಯಲಿಲ್ಲ. ನೇರ ಟ್ರೈಲರಿನ ಹಿಂದಕ್ಕೆ ಹೋಗಿ ನಿಂತಳು. ಬೋಳು ತಗಡು. ಕಬ್ಬಿನ ಗರಿ ನೆಲದ ತನಕ ಇಳಿಬಿದ್ದಿತ್ತು.

"ದೀಪ ಯಾಕ್ ಆಕಿಲ್ಲ?"

"ಇನ್ನೂ ಬೆಳ್ಕಿತ್ತಲ್ಲ ಅಂತ… ಬ್ಯಾಟ್ರಿ ವೀಕು."

"ಏರಿ ಮ್ಯಾಲ್ ಓಗೋನು ಇವತ್ತೇನ್ ಈ ಕಡೆ? ಏರಿ ಕುಸ್ದದಾ?"

"ಏರಿ ನೆಟ್ಟಗೇ ಐತೆ," ಎಂದ ಲೋಕೇಶ. ಅಷ್ಟೇ ಹೇಳಿ ಮಚ್ಚು ತೆಗೆದು ಗರಿ ಕಡಿಯತೊಡಗಿದ. ಅವನ ಸೀಟಿನ ಪಕ್ಕದ ಮಡ್‌ಗಾರ್ಡಿನ ಮೇಲೆ, ಟಾರ್ಪಾಲಿನಲ್ಲಿ ಸುತ್ತಿ ಹಗ್ಗದಿಂದ ಬಿಗಿದ ಅಗಲದ ಒಂದು ಗಂಟಿತ್ತು. ಅದರ ಅಂಚಿನಲ್ಲಿ ಬಿದಿರಿನ ಹೆಣಿಗೆ ಇಣುಕುತ್ತಿತ್ತು. ಚಂದ್ರಕಲ ಅದನ್ನು ನೋಡಿದಳು, ನೋಡದವಳಂತೆ ಬಟ್ಟೆಯನ್ನು ತಗಡಿನ ಮೇಲೆ ಹರಡಿದಳು.

ಹೊನ್ನಪ್ಪ ಪೆಟ್ಟಿಗೆ ಕೊಟ್ಟ. ಲೋಕೇಶನ ಮಚ್ಚು ನಿಂತಿತು.

"ಇದು ನಾನ್ ತಂದಿದ್ದಲ್ವಾ?"

"ಇನ್ಯಾರ್ ತಂದಾರು? ಪಿಡಿ ಎರಡ್ಸಲ ಆಕ್ಸಿದ್ದೀನಿ."

ಹಬೆ ಎದ್ದಿತು. ತಗಡು ಬೆಚ್ಚಗಾದಾಗ ಅವಳು ಪಟ್ಟಿಯ ಒಂದು ತುದಿ ಹಿಡಿದು, ಇನ್ನೊಂದು ತುದಿಯನ್ನು ಮಾತಿಲ್ಲದೆ ತಮ್ಮನ ಕಡೆ ಚಾಚಿದಳು. ಇಬ್ಬರೂ ಎಳೆದು ಒತ್ತಿದರು. ಅವನು ಓರೆಯಾಗಿ ಒತ್ತಿದ. ಅವಳು ಅವನ ಕೈಯನ್ನು ಸರಿಸಿ ನೆಟ್ಟಗೆ ಮಾಡಿದಳು. ಚಿಕ್ಕವನಿದ್ದಾಗಲೂ ಅವನು ಯಾವುದನ್ನೂ ನೆಟ್ಟಗೆ ಮಾಡುತ್ತಿರಲಿಲ್ಲ.

"ಮುಂದಿಂದು ಕೀಳು," ಎಂದಳು.

"ಕೀಳಲ್ಲ. ಅದು ನೀನ್ ಕೊಟ್ಟಿದ್ದು."

"ಕೊಟ್ಟಿದ್ದು ಇಂದುಕ್ಕೆ."

"ನೀನ್ ಕೊಟ್ಟುದ್ನ ಇಂದುಕ್ ಎಂಗಕ್ಕ ಮಡಗ್ಲಿ?" ಎಂದ. ಬೋರಯ್ಯನ ವಾದವೇ. ಅವತ್ತು ಬೋರಯ್ಯನಿಗೆ ಕೊಟ್ಟ ಉತ್ತರ ಚಂದ್ರಕಲ ಈಗ ಕೊಡಲಿಲ್ಲ. ತಾನೇ ಮುಂದೆ ಹೋಗಿ, ಉಗುರಿನಿಂದ ಅಂಚು ಬಿಡಿಸಿ, ಹರಿಯದ ಹಾಗೆ ನಿಧಾನವಾಗಿ ಕಿತ್ತಳು. ಕಿತ್ತ ಪಟ್ಟಿಯನ್ನು ಎಸೆಯಲಿಲ್ಲ. ಟ್ರಾಕ್ಟರಿನ ಒಳಗೆ, ಸ್ಟೇರಿಂಗಿನ ಹತ್ತಿರ, ಅವನಿಗೆ ಮಾತ್ರ ಕಾಣುವಲ್ಲಿ ಅಂಟಿಸಿದಳು. "ಇಲ್ಲಿರ್ಲಿ. ಇಲ್ಲಾದ್ರೆ ಯಾರ್ನೂ ಸಾಯ್ಸಾಕಿಲ್ಲ."

ಲೋಕೇಶ ಹಗ್ಗ ಬಿಚ್ಚಿ ಗಂಟನ್ನು ಇಳಿಸಿದ. ಕೈಯಲ್ಲಿ ಹಿಡಿದುಕೊಂಡು ನಿಂತ. ಮೊರದ ಒಂದು ಮೂಲೆ ನೆಂದಿತ್ತು.

"ಕೈಯಿಂದ ಕೈಗೆ," ಎಂದ, ಅವಳ ಮುಖ ನೋಡದೆ.

"ರೋಡಲ್ಲಿ ನಿಂತ್ಕೊಂಡು ಬಾಗ್ನ ಈಸ್ಕೊಳಾಕೆ ನಾನೇನ್ ಬಿಕ್ಷುಕೀನಾ? ಒಳೀಕ್ ಬಾ," ಎಂದಳು ಚಂದ್ರಕಲ.

"ಸರ್ದಿ ಐತಕ್ಕ. ಈಗ್ ಓಗ್ಲಿಲ್ಲ ಅಂದ್ರೆ ನಾಳೀಕೇ—" ಎಂದವನು ತಾನೇ ನಿಲ್ಲಿಸಿದ. ಆ ಸರದಿ ಅವನಿಂದ ಏನನ್ನು ಕಿತ್ತುಕೊಂಡಿತ್ತು ಎಂಬುದು ಮೂವರಿಗೂ ಗೊತ್ತಿತ್ತು.

"ಓದ್ರೆ ಓಗ್ಲಿ ಬುಡು," ಎಂದು ಲೋಕೇಶ ಎಂಜಿನ್ನಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ.

ಒಳಗೆ ಅವಳು ಕೈಕಾಲು ಒರೆಸಿಕೊಂಡು ಮಣೆಯ ಮೇಲೆ ಕೂತು ಸೆರಗೊಡ್ಡಿ ಬಾಗಿನ ತೆಗೆದುಕೊಂಡಳು. ಬಳೆಗಳು ಒಂದು ಸುತ್ತು ಚಿಕ್ಕವಾಗಿದ್ದವು. ತಮ್ಮನಿಗೆ ಅವಳ ಹಳೆಯ ಕೈ ನೆನಪಿತ್ತು. ಅವಳು ಸೋಪಿನ ನೀರು ಹಚ್ಚಿ, ಹಲ್ಲು ಕಚ್ಚಿ, ಒಂದೂ ಬಿಡದೆ ಏರಿಸಿಕೊಂಡಳು. ಆಮೇಲೆ ಎಲೆ ಹಾಕಿದಳು. ಲೋಕೇಶ ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡು ತಿಂದ, ಮತ್ತೆ ಹಾಕಿಸಿಕೊಂಡ, ಸಾರು ಅನ್ನ ಉಂಡ. ಅರ್ಪಿತಳ ಮಗನ ಹೆಸರು ಕೇಳಿದ. ಅವನಿಗೆ ಅದು ಗೊತ್ತೇ ಇತ್ತು, ಆದರೂ ಕೇಳಿದ. ಚಂದ್ರಕಲ ಬಡಿಸುತ್ತ ನಡುನಡುವೆ ಬಾಗಿಲಿಗೆ ಹೋಗಿ ಬರುತ್ತಿದ್ದಳು. ರಸ್ತೆಯಲ್ಲಿ ಗಾಡಿ ಹಾದಾಗಲೆಲ್ಲ ಹೊಂಗೆಮರದ ಕೆಳಗೆ ಕೆಂಪು ಗೆರೆ ಹೊತ್ತಿಕೊಂಡು ಆರುತ್ತಿತ್ತು. ಅಂಟು ಹಿಡಿದಿತ್ತು.

"ಮುಂದುಕ್ಕೆ ಬಿಳೀದು ಅಂಟುಸ್ಬೇಕು ನಿಂಗೆ," ಎಂದಳು ಒಳಗೆ ಬಂದು.

"ಐತಾ? ಈಗ್ಲೇ ಅಂಟುಸ್ಬುಡು."

"ಎಲ್ಲೈತೆ? ಮೇಷ್ಟ್ರು ತರ್ಬೇಕು. ಬರೋ ವಾರ ಇದೇ ದಾರೀಲ್ ಬಾ."

ಬಿಳಿಯ ಸುರುಳಿ, ಹೆಚ್ಚುಕಡಮೆ ಬಿಚ್ಚದೆಯೇ, ಇಸ್ತ್ರಿ ಗಾಡಿಯ ಕೆಳಗಿನ ಡಬ್ಬದಲ್ಲಿತ್ತು. ಹೊನ್ನಪ್ಪ ಅದನ್ನು ಹೇಳಲೆಂದು ಬಾಯಿ ತೆರೆದ. ಹೆಂಡತಿಯ ಮುಖ ನೋಡಿ, ತೆರೆದ ಬಾಯಿಗೆ ಒಂದು ತುಂಡು ಒಬ್ಬಟ್ಟು ಹಾಕಿಕೊಂಡ.